ಅಮ್ಮನಿಗೆ ಓದಿ ಹೇಳಿದ ಪುಸ್ತಕಗಳು

ಈಚೆಗೆ ಏನೇನು ಓದಿದೆ ಅಂತ ಗೆಳತಿಯೊಬ್ಬಳು ಫೋನಿನಲ್ಲಿ ಕೇಳಿದಳು. ಲೆಕ್ಕ ಹಾಕಿದೆ. ಎಂಟು ತಿಂಗಳಲ್ಲಿ ನಾಲ್ಕು ಪುಸ್ತಕ ಮುಗಿದಿವೆ, ಒಂದನ್ನು ಅರ್ಧಕ್ಕೆ ಬಿಟ್ಟೆವು, ಒಂದು ನಡೀತಾ ಇದೆ. "ಇಷ್ಟೇನಾ? ನೀನು ತಿಂಗಳಿಗೆ ನಾಲ್ಕು ಓದ್ತಿದ್ದೆ!" ಅಂದಳು. ಹೌದು, ಓದ್ತಿದ್ದೆ. ಆದರೆ ಅದೆಲ್ಲ ಕಣ್ಣಿನಲ್ಲಿ ಓದಿದ್ದು. ಈಗಿನದು ಬಾಯಲ್ಲಿ ಓದಿದ್ದು. ಒಂದು ಪುಟಕ್ಕೆ ಎರಡು ಮೂರು ನಿಮಿಷ ಬೇಕು. ನಡುವೆ ಕೆಮ್ಮು, ನೀರು, ಮೇಲಿನ ಮನೆಯವರ ಮಿಕ್ಸಿ, ಅಮ್ಮನ ಪ್ರಶ್ನೆಗಳು. ರಾತ್ರಿ ಎಂಟೂವರೆಗೆ ಕೂತರೆ ಒಂಬತ್ತೂವರೆ ಹೊತ್ತಿಗೆ ಹದಿನೈದು ಪುಟ ಆದರೆ ಹೆಚ್ಚು.

ಅಮ್ಮನಿಗೆ ಈಗ ಎಪ್ಪತ್ತಾರು. ಎರಡು ವರ್ಷದ ಹಿಂದೆ ಅವಳ ಕಣ್ಣಿನ ಅಕ್ಷಿಪಟಲದ ನಡುಭಾಗ, ಅದೇ ಮ್ಯಾಕುಲಾ ಅಂತಾರಲ್ಲ, ಅದು ಸವೆಯುತ್ತಾ ಇದೆ ಅಂತ ಡಾಕ್ಟರು ಹೇಳಿದರು. ಇದೊಂದು ವಿಚಿತ್ರ ಕಾಯಿಲೆ. ಅಂಚಿನಲ್ಲಿ ಇರುವುದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಮನೆಯೊಳಗೆ ಯಾರ ಸಹಾಯವೂ ಇಲ್ಲದೆ ಓಡಾಡುತ್ತಾಳೆ, ಕೊತ್ತಂಬರಿ ಸೊಪ್ಪು ಸೋಸುತ್ತಾಳೆ, ಬಾಲ್ಕನಿಗೆ ಪಾರಿವಾಳ ಬಂದರೆ ಗದರುತ್ತಾಳೆ. ಆದರೆ ಪುಸ್ತಕ ಹಿಡಿದರೆ ಯಾವ ಅಕ್ಷರವನ್ನು ನೋಡುತ್ತಾಳೋ ಅದರ ಮೇಲೇ ಒಂದು ಬೂದು ಕಲೆ ಕೂರುತ್ತದೆ. "ಓದಬೇಕಾದ ಶಬ್ದ ಬಿಟ್ಟು ಅಕ್ಕಪಕ್ಕದ್ದೆಲ್ಲ ಕಾಣತ್ತೆ ಕಣೇ, ಎಂತ ಮಾಡದು ಇದನ್ನ" ಅಂತ ಒಂದು ದಿನ ಪೇಪರು ಮಡಚಿಟ್ಟವಳು ಮತ್ತೆ ಬಿಡಿಸಲಿಲ್ಲ. ಅಪ್ಪ ಹೋದಮೇಲೂ ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಒಬ್ಬಳೇ ಇದ್ದವಳು ಬೆಂಗಳೂರಿಗೆ ಬಂದದ್ದು ಹಾಗೆ. ಬರುವಾಗ ತಂದದ್ದು ಎರಡು ಚೀಲ: ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಪುಸ್ತಕ. ಓದಲಾಗದ ಪುಸ್ತಕಗಳನ್ನು ಯಾಕೆ ತಂದೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಮೊದಲು ಆಡಿಯೋ ಪುಸ್ತಕ ಹಾಕಿಕೊಟ್ಟೆ. ಈಗ ಕನ್ನಡದಲ್ಲೂ ಚೆನ್ನಾಗಿರುವಂಥವು ಸಿಗುತ್ತವೆ. ಮೂರು ದಿನ ಕೇಳಿ ನಾಲ್ಕನೇ ದಿನ ಫೋನು ವಾಪಸ್ ಕೊಟ್ಟಳು. "ಅವ ಚಲೋ ಓದ್ತಾನೆ. ಆದ್ರೆ ನಿಲ್ಸದೇ ಇಲ್ಲ ಮಾರಾಯ್ತಿ. ನಾ ಎಂತಾರು ಕೇಳಿದ್ರೆ ಉತ್ತರಾನೂ ಕೊಡದಿಲ್ಲ." ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ತೋರಿಸಿದೆ. ಅವಳು ನನ್ನ ಕಡೆ ಮುಖ ತಿರುಗಿಸಿ ಸುಮ್ಮನೆ ಕೂತಳು. ಅರ್ಥವಾಯ್ತು. :-)

ಓದಿ ಹೇಳುವುದು ಮಲೆನಾಡಿನ ಮನೆಗಳಿಗೆ ಹೊಸದೇನೂ ಅಲ್ಲ. ಆಷಾಢದ ಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಜಗಲಿಯ ಮೇಲೆ ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ಒಬ್ಬರು ಓದುವುದು, ಉಳಿದವರು ಅಡಿಕೆ ಸುಲಿಯುತ್ತಲೋ ಹಾಳೆ ಹೊಲಿಯುತ್ತಲೋ ಕೇಳುವುದು. ಅಮ್ಮನ ಅಪ್ಪ ಹಾಗೆ ಓದುತ್ತಿದ್ದರಂತೆ. ಆದರೆ ಷಟ್ಪದಿಯನ್ನು ಹಾಡಬೇಕೆಂದೇ ಬರೆದದ್ದು. ಕಾದಂಬರಿ ಹಾಗಲ್ಲವಲ್ಲ, ಅದು ಒಬ್ಬರೇ ಮೂಲೆಯಲ್ಲಿ ಕೂತು ಓದುವಂಥದ್ದು ಅಂತಲೇ ನಾನು ಅಂದುಕೊಂಡಿದ್ದೆ.

ಚೀಲಕ್ಕೆ ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಕಾರಂತರ 'ಬೆಟ್ಟದ ಜೀವ'. 1943ರ ಕಾದಂಬರಿ. ಕಾಲೇಜಿನಲ್ಲಿ ಓದಿದ್ದೆ. ಆಗ ನನಗದು ಕಾಡಿನ ಕಥೆ: ಸುಬ್ರಹ್ಮಣ್ಯದ ಕಡೆಯ ಬೆಟ್ಟಗಳು, ಕುಮಾರಪರ್ವತ, ಆನೆ, ಹುಲಿ, ದಾರಿ ತಪ್ಪಿದ ಒಬ್ಬ ಪ್ರವಾಸಿ, ಅವನನ್ನು ಮನೆಯವನಂತೆ ನೋಡಿಕೊಳ್ಳುವ ಗೋಪಾಲಯ್ಯ ಮತ್ತು ಶಂಕರಮ್ಮ. ಹಂಡೆ ನೀರಿನ ಸ್ನಾನವನ್ನು ಇಷ್ಟು ಸುಖವಾಗಿ ವರ್ಣಿಸಿದ ಇನ್ನೊಂದು ಪುಸ್ತಕ ಕನ್ನಡದಲ್ಲಿ ಇರಲಿಕ್ಕಿಲ್ಲ. ಅಮ್ಮನೂ ಮೊದಲೆರಡು ದಿನ ಅದನ್ನೇ ಸವಿದಳು. "ನಿಮ್ಮ ಗೀಸರಿನ ನೀರು ಬಿಸಿ ಇರತ್ತೆ ಅಷ್ಟೆ, ಅದು ಸ್ನಾನ ಅಲ್ಲ" ಅಂದಳು. ಕಾರಂತರ ಗದ್ಯ ಬಾಯಲ್ಲಿ ಓದುವುದಕ್ಕೆ ಎಷ್ಟು ಹಿತ ಅನ್ನುವುದೂ ನನಗೆ ಹೊಸತಾಗಿ ಗೊತ್ತಾಯ್ತು. ಅವರ ವಾಕ್ಯಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ಇರಬೇಕಾದಲ್ಲೇ ಇರುತ್ತದೆ. ಮಾತುಕತೆ ಬಂದರಂತೂ ನಾನು ಓದುತ್ತಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ.

ಮೂರನೇ ದಿನ ಶಂಭುವಿನ ಪ್ರಸ್ತಾಪ ಬಂತು. ಗೋಪಾಲಯ್ಯ ದಂಪತಿಯ ಮನೆ ಬಿಟ್ಟು ಹೋದ ಮಗ. ಎಲ್ಲಿದ್ದಾನೋ, ಬರುತ್ತಾನೋ ಇಲ್ಲವೋ. ತಂದೆ ಅದನ್ನು ಮಾತಿನಲ್ಲಿ, ನಗುವಿನಲ್ಲಿ, ಕೆಲಸದಲ್ಲಿ ಮುಚ್ಚಿಡುತ್ತಾರೆ. ತಾಯಿಗೆ ಅದಾಗುವುದಿಲ್ಲ. ಕಾಲೇಜಿನಲ್ಲಿ ಓದುವಾಗ ಈ ಮಗನ ವಿಷಯ ನನಗೆ ಕಥೆ ಮುಂದೆ ಸಾಗಲಿಕ್ಕೆ ಇಟ್ಟ ಒಂದು ಎಳೆಯ ಹಾಗೆ ಕಂಡಿತ್ತು. ಈಗ ಎದುರಿಗೆ ಕೂತು ಕೇಳುತ್ತಿರುವವಳು ಇಬ್ಬರು ಮಕ್ಕಳನ್ನು ಓದಿಸಿ ಊರು ದಾಟಿಸಿ, ಬೀಗ ಹಾಕಿದ ಮನೆಯ ಕೀಲಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿರುವ ಹೆಂಗಸು. ಓದುವ ದನಿ ನನ್ನದು. ಒಂದೊಂದು ವಾಕ್ಯಕ್ಕೂ ನಾಲಿಗೆ ದಪ್ಪವಾದ ಹಾಗಾಯ್ತು. ಅಮ್ಮ ನಡುವೆ ಒಂದೂ ಪ್ರಶ್ನೆ ಕೇಳಲಿಲ್ಲ. ಆಮೇಲೆ "ಇವತ್ತಿಗೆ ಸಾಕು" ಅಂದಳು. ಗಂಟೆ ಇನ್ನೂ ಒಂಬತ್ತೂ ಆಗಿರಲಿಲ್ಲ.

ಆದರೆ ಅವಳ ಮನಸ್ಸಿನಲ್ಲಿ ಇದ್ದದ್ದು ಶಂಭು ಅಲ್ಲ ಅಂತ ಮಾರನೇ ದಿನ ಗೊತ್ತಾಯ್ತು. ಕಾದಂಬರಿಯಲ್ಲಿ ನಾರಾಯಣ ಅಂತ ಒಬ್ಬನಿದ್ದಾನೆ. ಹೆಂಡತಿ ಲಕ್ಷ್ಮಿಯ ಜೊತೆ ಪಕ್ಕದಲ್ಲೇ ತೋಟ ಮಾಡಿಕೊಂಡು, ಮುದುಕರಿಗೆ ಮಗನ ಹಾಗೇ ಇರುವವನು. ನಿಜವಾದ ಮಗ ಬಂದುಬಿಟ್ಟರೆ ತಾನು ಬೆವರು ಸುರಿಸಿದ ನೆಲದ ಗತಿ ಏನು ಅನ್ನುವ ಅಳುಕು ಅವನಿಗೆ. ನಮ್ಮ ಊರಿನ ತೋಟವನ್ನೂ ಹೀಗೇ ಒಬ್ಬರು ನೋಡಿಕೊಳ್ಳುತ್ತಿದ್ದಾರೆ, ಹನ್ನೊಂದು ವರ್ಷದಿಂದ. ಬೆಳಗ್ಗೆ ಅಮ್ಮ ಅವರಿಗೆ ಫೋನು ಹಚ್ಚಿಸಿಕೊಂಡಳು. ಕೊಳೆ ಔಷಧಿ ಎರಡನೇ ಸಲ ಹೊಡೆದಾಯ್ತಾ, ಮಳೆ ಹೇಗೆ, ಮಕ್ಕಳು ಶಾಲೆಗೆ ಹೋಗ್ತಾವಾ ಅಂತೆಲ್ಲ ಕೇಳಿ ಕೊನೆಗೆ, "ನಾ ಇರೋ ತನಕ ಎಂತದೂ ಬದಲಾಗಲ್ಲ, ನೀ ಹೆದರ್ಕೊಬೇಡ" ಅಂದಳು. ಮಾರಿಬಿಡೋಣ ಅಂತ ಅಣ್ಣ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಅವನ ಮಾತಿನಲ್ಲೂ ನ್ಯಾಯ ಇಲ್ಲದಿಲ್ಲ, ದೂರದಲ್ಲಿ ಕೂತು ಅಡಿಕೆ ತೋಟ ಸಾಗಿಸುವುದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಗೊತ್ತು. ಆ ಫೋನಿನ ವಿಷಯ ನಾನು ಅಣ್ಣನಿಗೆ ಇನ್ನೂ ಹೇಳಿಲ್ಲ.

ಮುಂದಿನ ಪುಸ್ತಕ ನಾನೇ ಆರಿಸಿದ್ದು, ಸ್ವಲ್ಪ ಹಗುರವಾಗಿರಲಿ ಅಂತ: ವಿವೇಕ ಶಾನಭಾಗರ 'ಘಾಚರ್ ಘೋಚರ್'. ಹಗುರ ಅನ್ನುವುದು ಪುಟಗಳ ಲೆಕ್ಕದಲ್ಲಿ ಮಾತ್ರ ಅಂತ ಓದಿದವರಿಗೆ ಗೊತ್ತಿದೆ. ಶ್ರೀನಾಥ ಪೇರೂರು ಇಂಗ್ಲಿಷಿಗೆ ತಂದ ಮೇಲೆ ಎಲ್ಲೆಲ್ಲೋ ಇರುವವರು ಇದನ್ನು ಹೊಗಳಿದರು. ಅದು ಹಾಗಿರಲಿ. ಮೊದಲ ರಾತ್ರಿಯ ಲಂಗದ ಲಾಡಿ ಗಂಟಾಗುವ ಭಾಗವನ್ನು ಹೆತ್ತ ತಾಯಿಗೆ ಗಟ್ಟಿಯಾಗಿ ಓದಿ ಹೇಳುವ ಪ್ರಸಂಗ ನಿಮಗೆ ಯಾರಿಗೂ ಬಾರದಿರಲಿ! ಒಂದು ಪ್ಯಾರಾ ಹಾರಿಸಿದೆ. "ಎಂತ ಬಿಟ್ಟೆ?" ಅಂತ ತಕ್ಷಣ ಕೇಳಿದಳು. ಕಣ್ಣು ಹೋದಮೇಲೆ ಕಿವಿ ಚುರುಕಾಗಿದೆ. ವಾಪಸ್ ಹೋಗಿ ಓದಿದೆ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲಿನಿಂದ ನಮ್ಮ ಮನೆಯಲ್ಲಿ ಚಾರ್ಜರಿನ ವೈರು, ಉಲ್ಲನ್ನು, ಅಣ್ಣನ ವಾದ, ಎಲ್ಲವೂ ಘಾಚರ್ ಘೋಚರ್.

ಅಮ್ಮನ ಒಂದು ಮಾತು ಮಾತ್ರ ಬರೆದಿಡಬೇಕು. ಆ ಕಥೆಯ ಕುಟುಂಬ ಇರುವೆ ತುಂಬಿದ ಪುಟ್ಟ ಮನೆಯಲ್ಲಿ ಇರುವಾಗ ತಾಯಿ ಇರುವೆಗಳ ಮೇಲೆ ಯುದ್ಧವನ್ನೇ ಹೂಡುತ್ತಾಳಲ್ಲ, ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈ ಹತ್ತಿ ದೊಡ್ಡ ಮನೆಗೆ ಹೋಗುತ್ತಾರಲ್ಲ. ನಾನು ಇದನ್ನು ಹಣ ಬಂದು ಮನುಷ್ಯರು ಬದಲಾದ ಕಥೆ ಅಂತ ಓದಿದ್ದೆ, ವಿಮರ್ಶೆಗಳೂ ಹಾಗೇ ಹೇಳಿದ ನೆನಪು. ಅಮ್ಮ ಹೇಳಿದ್ದು: "ಬದಲಾಗದು ಎಂತ? ಇರುವೆ ಹೊಸಕೋ ಕೈ ಮೊದ್ಲೇ ಇತ್ತಲ್ಲ." ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋಗಿ ಹಾಲಿಗೆ ಹೆಪ್ಪು ಹಾಕಿದೆ. ಎರಡು ಸಲ ಓದಿದ್ದ ಪುಸ್ತಕ ಅದು.

'ಕುಸುಮಬಾಲೆ' ನಾವು ಅರ್ಧಕ್ಕೆ ಬಿಟ್ಟದ್ದು. ದೇವನೂರ ಮಹಾದೇವರ ಈ ಪುಸ್ತಕ ಪುಟದ ಮೇಲೆ ಕಣ್ಣಿಗೆ ಎಷ್ಟು ಎಡವುತ್ತದೋ ಬಾಯಿಗೆ ಅಷ್ಟೇ ಸಲೀಸು ಅನ್ನುವುದು ನನಗೆ ದೊಡ್ಡ ಶೋಧ. ಕಾಲೇಜಿನಲ್ಲಿ ಹತ್ತು ಪುಟ ದಾಟಲಾಗದವಳು ಈಗ ಗಟ್ಟಿಯಾಗಿ ಓದುತ್ತಾ ಓದುತ್ತಾ ಅರ್ಥ ಮಾಡಿಕೊಂಡೆ. ನಂಜನಗೂಡು ಸೀಮೆಯ ಆ ಮಾತು ಕೇಳುವುದಕ್ಕೇ ಹುಟ್ಟಿದ್ದು. ಆದರೆ ಮಲೆನಾಡಿನ ಅಮ್ಮನ ಕಿವಿಗೆ ಅದು ದೂರ. ರಾತ್ರಿ ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ಮಾತಾಡುವ ಭಾಗ ಮಾತ್ರ ಮತ್ತೊಮ್ಮೆ ಓದಿಸಿಕೊಂಡಳು. "ಉಳಿದದ್ದು ನೀ ಓದ್ಕೋ, ನಂಗೆ ಇದು ಸಾಕು." ಉಳಿದದ್ದನ್ನು ನಾನೊಬ್ಬಳೇ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದೇನೆ ಅಂದರೆ ನಂಬುತ್ತೀರಾ?

ಒಂದು ಸಣ್ಣ ತಕರಾರು, ಪ್ರಕಾಶಕರಿಗೆ. ನಮ್ಮ ಪುಸ್ತಕಗಳಿಗೆ ಇಷ್ಟುದ್ದದ ಮುನ್ನುಡಿ ಯಾಕೆ? ಕಣ್ಣಿನಲ್ಲಿ ಓದುವಾಗ ಹಾರಿಸಿಬಿಡಬಹುದು. ಗಟ್ಟಿಯಾಗಿ ಓದುವಾಗ ಅಮ್ಮ "ಮೊದಲಿಂದ ಓದು" ಅನ್ನುತ್ತಾಳೆ, ಎರಡನೇ ಪುಟಕ್ಕೆ "ಇವ್ರು ಯಾರು, ಊಟಕ್ಕೆ ಮೊದ್ಲೇ ರುಚಿ ಹೇಳೋರು?" ಅನ್ನುತ್ತಾಳೆ.

ಇನ್ನು 'ಫಣಿಯಮ್ಮ'. ಇದರ ಬಗ್ಗೆ ಬರೆಯಬೇಕು ಅಂತಲೇ ಇಷ್ಟೆಲ್ಲ ಬರೆದೆನೋ ಏನೋ.

ಎಂ.ಕೆ. ಇಂದಿರಾ ತೀರ್ಥಹಳ್ಳಿಯವರು. ಹೆಚ್ಚು ಶಾಲೆ ಕಂಡವರಲ್ಲ, ನಲವತ್ತು ದಾಟಿದ ಮೇಲೆ ಬರೆಯಲು ಕೂತವರು. ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. 'ಫಣಿಯಮ್ಮ' 1976ರದ್ದು. ಕಥೆ ಕಟ್ಟಿದ್ದಲ್ಲ, ಅವರದೇ ಮನೆತನದ ಹಿರಿಯಳೊಬ್ಬಳ ಬದುಕು. ಆಕೆ ತನ್ನ ಬಾಳನ್ನು ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದು, ತಾಯಿ ಮಗಳಿಗೆ ಹೇಳಿದ್ದು, ಮಗಳು ಬರೆದದ್ದು. ಮದುವೆಯಾದ ಸ್ವಲ್ಪ ದಿನಕ್ಕೇ ಹಾವು ಕಚ್ಚಿ ಗಂಡ ಸಾಯುತ್ತಾನೆ. ಹುಡುಗಿಗೆ ಮದುವೆ ಅಂದರೇನು ಅಂತಲೂ ಗೊತ್ತಿಲ್ಲ. ದೊಡ್ಡವಳಾದಾಗ ತಲೆ ಬೋಳಿಸುತ್ತಾರೆ. ಆಮೇಲೆ ನೂರು ದಾಟುವ ತನಕ ಒಪ್ಪೊತ್ತು ಊಟ, ಮಡಿ, ಮನೆ ತುಂಬ ಕೆಲಸ. ಮಡಿಯನ್ನೆಲ್ಲ ಪಕ್ಕಕ್ಕಿಟ್ಟು ರಾತ್ರಿ ಯಾರಿಗೂ ಹೇಳದೆ ಹೋಗಿ ದಲಿತ ಹೆಣ್ಣಿನ ಹೆರಿಗೆ ಮಾಡಿಸುವುದು, ತಲೆ ಬೋಳಿಸಿಕೊಳ್ಳಲು ಒಪ್ಪದ ಹರೆಯದ ದಾಕ್ಷಾಯಿಣಿಯ ಪರ ನಿಲ್ಲುವುದು, ಇವು ಪುಸ್ತಕ ಓದಿದ ಯಾರೂ ಮರೆಯದ ಜಾಗಗಳು. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದ್ದು ಹಲವರಿಗೆ ನೆನಪಿರಬಹುದು.

ನನಗೆ ಈ ಪುಸ್ತಕದ ಬಗ್ಗೆ ಮೊದಲಿಂದಲೂ ಒಂದು ಅಸಮಾಧಾನ. ಫಣಿಯಮ್ಮನಿಗೆ ಸಿಟ್ಟೇ ಬರುವುದಿಲ್ಲ. ಇಷ್ಟೆಲ್ಲ ಕಿತ್ತುಕೊಂಡವರ ಮೇಲೆ ಒಂದು ಮಾತಿಲ್ಲ. ಇಂದಿರಾ ಆಕೆಯನ್ನು ದೇವತೆ ಮಾಡಿಬಿಟ್ಟರು ಅನ್ನಿಸುತ್ತಿತ್ತು. ಇದನ್ನೇ ಅಮ್ಮನ ಹತ್ತಿರ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಕೂತು, "ಬಂದೇ ಇರತ್ತೆ. ಹೇಳಿರದಿಲ್ಲ ಅಷ್ಟೆ. ಹೇಳ್ಕೊಂಡಿದ್ದು ಯಾರ ಹತ್ರ? ಮನೆಯೋರ ಹತ್ರನೇ ಅಲ್ದಾ?" ಅಂದಳು.

ಆಮೇಲೆ ತಾನಾಗಿ ಹೇಳತೊಡಗಿದಳು. ನಾನು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಕೇಳಿದೆ. ಅಮ್ಮನ ತವರಿನಲ್ಲಿ ಒಬ್ಬರು ಇದ್ದರು, ಅವಳ ಅಪ್ಪನ ಸೋದರತ್ತೆ. ಎಲ್ಲರೂ ಕರೆಯುತ್ತಿದ್ದದ್ದು ಮಡಿ ಅಜ್ಜಿ ಅಂತ. ಕೆಂಪು ಸೀರೆ, ಬೋಳು ತಲೆ, ಹಿತ್ತಿಲ ಕಡೆಯ ಕೋಣೆ. ಕ್ಷೌರದವನು ಬರುತ್ತಿದ್ದದ್ದೂ ಹಿತ್ತಿಲ ಬಾಗಿಲಿಗೇ. ಆ ದಿನ ಮಕ್ಕಳು ಆ ಕಡೆ ಹೋಗಬಾರದು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇದು: ಅಮ್ಮ ಮೂರನೇ ಕ್ಲಾಸೋ ನಾಲ್ಕನೆಯದೋ ಓದುವಾಗ ಮಡಿ ಅಜ್ಜಿ ಅವಳನ್ನು ಒಲೆಯ ಹತ್ತಿರ ಕೂರಿಸಿಕೊಂಡು, ನನ್ನ ಹೆಸರು ಬರೆಯೋದು ಹೇಗೆ ತೋರ್ಸು ಅಂದರಂತೆ. ಸ್ಲೇಟು ಮುಟ್ಟಿದರೆ ಮೈಲಿಗೆ. ಹಾಗಾಗಿ ಒಲೆಯ ಬೂದಿಯನ್ನು ನೆಲದ ಮೇಲೆ ತೆಳ್ಳಗೆ ಹರವಿ ಅದರ ಮೇಲೆ ಬೆರಳಿನಲ್ಲಿ. ಯಾರದ್ದಾದರೂ ಹೆಜ್ಜೆ ಸಪ್ಪಳ ಕೇಳಿದರೆ ಅಂಗೈಯಿಂದ ಒರೆಸಿಬಿಡುವುದು. ಒಂದು ಮಳೆಗಾಲ ಪೂರ್ತಿ ನಡೆಯಿತಂತೆ ಈ ಪಾಠ. ನಾಲ್ಕೇ ಅಕ್ಷರದ ಹೆಸರು. ಕೊನೆಯ ಅಕ್ಷರದ ಒತ್ತು ಕಡೆಯವರೆಗೂ ತಿರುವು ಮುರುವು.

"ಯಾರಿಗೂ ಹೇಳ್ಬೇಡ ಅಂದಿದ್ರು. ನಾ ಹೇಳ್ಲಿಲ್ಲ" ಅಂದಳು ಅಮ್ಮ. ಅರವತ್ತೈದು ವರ್ಷ ಹೇಳಿಲ್ಲ.

ಅಜ್ಜಿಯ ಹೆಸರೇನಿತ್ತು ಅಂತ ಕೇಳಿದೆ. ಹೇಳಿದಳು. ಇಲ್ಲಿ ಬರೆಯುವುದಿಲ್ಲ, ಅದು ಅಮ್ಮ ನನಗೆ ಹೇಳಿದ್ದು. ಕೆಲವು ವರ್ಷದ ಹಿಂದೆ ಸೋದರಮಾವ ಮಗನ ಉಪನಯನಕ್ಕೆ ವಂಶವೃಕ್ಷ ಅಚ್ಚು ಹಾಕಿಸಿ ಹಂಚಿದ್ದ, ಏಳು ತಲೆಮಾರಿನದ್ದು. ಹುಡುಕಿ ತೆಗೆದು ನೋಡಿದೆ. ಗಂಡಸರ ಹೆಸರುಗಳ ಕೆಳಗೆ ಗಂಡಸರ ಹೆಸರು. ಆ ನಾಲ್ಕು ಅಕ್ಷರ ಎಲ್ಲೂ ಇಲ್ಲ. ಮತ್ತೆ ಪುಸ್ತಕದಲ್ಲಿ ಬೆರಳಿಟ್ಟ ಪುಟಕ್ಕೆ ಬಂದಾಗ ನನ್ನ ಅಸಮಾಧಾನದ ಮಾತು ನನಗೇ ಬೇರೆ ಥರ ಕೇಳಿಸಿತು. ಪುಸ್ತಕ ದೊಡ್ಡದೋ ಸಣ್ಣದೋ, ಕಲೆಯಾಗಿ ಗೆದ್ದಿದೆಯೋ ಸೋತಿದೆಯೋ, ಆ ಚರ್ಚೆ ಇರಲಿ. ಒಬ್ಬ ಹೆಂಗಸಿನ ಹೆಸರನ್ನು ರಟ್ಟಿನ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದರಲ್ಲ ಇಂದಿರಾ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಸುದ್ದಿಯನ್ನು ಅಮ್ಮ ಟಿವಿಯಲ್ಲಿ ಕೇಳಿದ್ದಳು. ಕನ್ನಡದಿಂದ ಹೋದ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ದೀಪಾ ಭಾಸ್ತಿ ಆರಿಸಿ ಅನುವಾದಿಸಿದ ಹನ್ನೆರಡು ಕಥೆಗಳು. "ಹಾಸನದೋರಂತೆ, ವಕೀಲರಂತೆ, ಓದು ನೋಡನ" ಅಂತ ಎಷ್ಟೋ ದಿನದಿಂದ ಹೇಳುತ್ತಿದ್ದಳು. ಒಂದು ಭಾನುವಾರ ಬೆಳಗ್ಗೆ 'ಎದೆಯ ಹಣತೆ' ಓದಿದೆ. ಮನೆಕೆಲಸಕ್ಕೆ ಬರುವಾಕೆ ಒರೆಸುವ ಬಟ್ಟೆ ಹಿಡಿದುಕೊಂಡೇ ಬಾಗಿಲ ಹತ್ತಿರ ಕೂತಳು. ಗಂಡ ಬಿಟ್ಟ ಮೆಹರುನ್ ಕೈಗೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮಾನ ಮರ್ಯಾದೆಯ ಮಾತಾಡಿ ವಾಪಸ್ ಕರಕೊಂಡು ಹೋಗಿ ಬಿಡುತ್ತಾರೆ. ರಾತ್ರಿ ಸೀಮೆಎಣ್ಣೆ. ಮಗಳು ಸಲ್ಮಾ ಬಂದು ಕಾಲು ಹಿಡಿಯುವಲ್ಲಿಗೆ ನನ್ನ ದನಿ ಕೈಕೊಟ್ಟಿತು, ನೀರು ಕುಡಿದು ಮುಂದುವರಿಸಬೇಕಾಯ್ತು. ಮುಗಿದ ಮೇಲೆ ಕೆಲಸದಾಕೆ "ಅಣ್ಣತಮ್ಮಂದಿರು ಎಲ್ಲಾ ಕಡೆ ಒಂದೇ ಬಿಡಕ್ಕ" ಅಂತ ಎದ್ದು ನೆಲ ಒರೆಸಿದಳು, ಅವತ್ತು ಎಂದಿಗಿಂತ ಜೋರಾಗಿ. ಅಮ್ಮ ಒಂದೂ ಮಾತಾಡಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದು, ನಾನು ಮಲಗಿದ್ದೇನಾ ಅಂತ ಹೊದಿಕೆಯ ಮೇಲೆ ಕೈಯಾಡಿಸಿ ನೋಡಿ ಹೋದಳು. ನಾನು ನಿದ್ದೆ ಬಂದವಳ ಹಾಗೆ ಇದ್ದೆ. ಉಳಿದ ಕಥೆಗಳನ್ನು ದಿನಕ್ಕೊಂದರಂತೆ, ಹಗಲಿನಲ್ಲೇ ಓದಿ ಮುಗಿಸಿದೆವು.

ಈಗ ನಡೀತಾ ಇರುವುದು 'ಮಲೆಗಳಲ್ಲಿ ಮದುಮಗಳು'. ಇದು ಅಮ್ಮನ ಹಟ. ಏಳುನೂರಕ್ಕೂ ಹೆಚ್ಚು ಪುಟ ಇದೆ ಕಣಮ್ಮ, ವರ್ಷಗಟ್ಟಲೆ ಆಗತ್ತೆ ಅಂದೆ. "ಆಗ್ಲಿ, ನಂಗೆಂತ ಅವಸರ" ಅಂದಳು. ಮೇಗರವಳ್ಳಿ ಅಂತ ಬಂದ ಕೂಡಲೇ ಆಗುಂಬೆ ದಾರಿಯ ಬಸ್ಸು, ಅಲ್ಲಿ ಇಳಿದು ನಡೆದು ಹೋಗಿ ಉಂಡ ಯಾವುದೋ ಮದುವೆ ಮನೆಯ ಊಟ, ಎಲ್ಲ ಶುರುವಾಗುತ್ತದೆ. ಕುವೆಂಪು ಬರೆದ ಒಂದು ಪುಟಕ್ಕೆ ಅಮ್ಮನ ಎರಡು ಪುಟ. ಕೆಲವು ಶಬ್ದಗಳಿಗೆ ನಾನು ನಿಘಂಟು ಹುಡುಕಲು ಹೊರಟರೆ ಅವಳು ಕೈಯಲ್ಲೇ ಗಾಳಿಯಲ್ಲಿ ಆಕಾರ ಮಾಡಿ ತೋರಿಸುತ್ತಾಳೆ, ಕಂಬಳಿ ಕೊಪ್ಪೆ ಹೀಗೆ, ಒಡ್ಡಿ ಹೀಗೆ ಅಂತ. ಅವಳಿಗೆ ಅತಿ ಇಷ್ಟವಾದವರು ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ. ಹುಲಿಯ ಬಂದರೆ ಮುಖ ಅರಳುತ್ತದೆ. ಊರ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದ ವರ್ಷಗಳಲ್ಲಿ ಒಂದು ಕರಿ ನಾಯಿ ಇತ್ತು. ಈಗ ತೋಟ ನೋಡಿಕೊಳ್ಳುವವರ ಮನೆಯಲ್ಲಿದೆ.

ಮೊನ್ನೆ ಓದಿ ಮುಗಿಸಿ ದೀಪ ಆರಿಸಲು ಎದ್ದಾಗ ಕತ್ತಲಲ್ಲಿ ಕೇಳಿದಳು. "ನೀ ಮೊದ್ಲು ಓದಿದೀಯಲ್ಲ. ಆ ನಾಯಿಗೆ ಎಂತದೂ ಆಗಲ್ಲ ಅಲ್ದನೇ?"

ಪುಸ್ತಕ ಓದಿದವರಿಗೆ ಗೊತ್ತು.

"ಇನ್ನೂ ನಾನೂರು ಪುಟ ಇದೆ ಅಮ್ಮ, ಮಲಗು" ಅಂದೆ.